ಬಲಕ್ಕೆ ತಿರುಗದ ಕಾರು

ಐರಣಿ ಹತ್ತಿರದ ಒಂದು ಹೊಲದಿಂದ ಟೊಮೆಟೊ ಬೀಜದ ಮಾದರಿ ತೆಗೆದುಕೊಂಡು ರಾಣೆಬೆನ್ನೂರಿಗೆ ಮರಳುತ್ತಿದ್ದಾಗ ನನ್ನ ಸ್ಕೂಟಿ ಗೋವಿನಜೋಳದ ಕಾಳಿನ ಮೇಲೆ ಜಾರಿತು. ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಅರ್ಧ ರಸ್ತೆ ಕಣವಾಗಿರುತ್ತದೆ. ಕಾಳು ಹರವಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಆ ಕಲ್ಲು ತಪ್ಪಿಸಿ ಗಾಡಿ ಓಡಿಸುವುದು ನಮಗೆಲ್ಲ ರೂಢಿಯೇ. ಅಂದು ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಾಳಿನ ಮೇಲೆ ಹತ್ತಿಸಿಬಿಟ್ಟೆ. ಗಾಡಿ ಒಂದು ಕಡೆ ಹೋಯಿತು, ನಾನು ಒಂದು ಕಡೆ ಬಿದ್ದೆ. ಬೀಳುವಾಗ ಬಲಗೈ ಊರಿದ್ದು ನೆನಪಿದೆ.

ಕಾಳು ತಿರುವುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ಕೈಗೆ ಕಟ್ಟಿದಳು. "ಬೆರಳು ಆಡಸ್ರಿ ಅಕ್ಕಾರ, ಆಡತಾವಿಲ್ಲೋ ನೋಡೂಣು" ಎಂದಳು. ಬೆರಳು ಆಡಿದವು. ಮಣಿಕಟ್ಟು ಮಾತ್ರ ಮುರಿದಿತ್ತು.

ನನ್ನ ಕೆಲಸವೆಲ್ಲ ಆ ಕೈಯದೇ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುತ್ತೇನೆ. ಒದ್ದೆ ಕಾಗದದ ಮೇಲೆ ಟೊಮೆಟೊ, ಬದನೆ, ಮೆಣಸಿನಕಾಯಿಯ ಬೀಜಗಳನ್ನು ಚಿಮಟದಿಂದ ಒಂದೊಂದಾಗಿ ಸಾಲು ಇಟ್ಟು, ಕಾಗದವನ್ನು ಸುರುಳಿ ಸುತ್ತಬೇಕು. ಕೆಲವು ದಿನಗಳಾದ ಮೇಲೆ ಸುರುಳಿ ಬಿಚ್ಚಿ, ಯಾವುದು ಸರಿಯಾಗಿ ಮೊಳೆತಿದೆ, ಯಾವುದು ಸೊಟ್ಟಗಿದೆ ಎಂದು ಅದೇ ಚಿಮಟದಿಂದ ಬಿಡಿಸಿ ನೋಡಬೇಕು. ಕೈ ನಡುಗಿದರೆ ಎಳೆಯ ಬೇರು ಕಿತ್ತು ಹೋಗುತ್ತದೆ.

ಸಿಮೆಂಟ್ ಪಟ್ಟಿ ತೆಗೆದ ದಿನ ಕೈ ನೋಡಿ ನನಗೆ ಗುರುತೇ ಸಿಗಲಿಲ್ಲ. ಸೊರಗಿ, ಬಿಳಿಚಿಕೊಂಡು, ಚರ್ಮ ಸಿಪ್ಪೆ ಏಳುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದೆಂದರೆ ಅದು ತಿರುಗುತ್ತಲೇ ಇರಲಿಲ್ಲ. ಬೀಗದ ಕೈ ಹಾಕಿದರೆ ಬೀಗ ತೆರೆಯುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಒಂದೇ ಕಡೆ ಹರಿಯುತ್ತಿತ್ತು. ಅತ್ತೆ ಏನೂ ಅನ್ನದೆ ಹಲಗೆ ತಮ್ಮ ಕಡೆ ಎಳೆದುಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಾರಕ್ಕೊಮ್ಮೆ ಹಾವೇರಿಗೆ ಫಿಜಿಯೋಥೆರಪಿಗೆ ಹೋಗಬೇಕಾಯಿತು. ಗಂಡ ಬೆಳಗಿನ ರೈಲಿಗೆ ಕೆಲಸಕ್ಕೆ ದಾವಣಗೆರೆಗೆ ಹೋಗಿ ಸಂಜೆ ಬರುವವರು. ಹಾಗಾಗಿ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದವರು ಮಾವ. ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಯಂತ್ರಗಳಿಗೂ ಅವರಿಗೂ ಎಂದೂ ಆಗಿಬಂದಿಲ್ಲ. ಮನೆಯ ಮಿಕ್ಸರ್ ಮುಟ್ಟಲಿಕ್ಕೂ ಅತ್ತೆ ಅವರನ್ನು ಬಿಡುತ್ತಿರಲಿಲ್ಲ.

ಕೈ ನೋಡುತ್ತಿದ್ದ ಹುಡುಗಿ ಚಿಕ್ಕ ವಯಸ್ಸಿನವಳು, ಮಾತು ಖಡಕ್ಕು. "ಮನ್ಯಾಗ ಮಾಡಾಕತ್ತೀರೋ ಇಲ್ಲೋ ಮೇಡಂ? ಇಲ್ಲಿ ಬಂದು ಅರ್ಧ ತಾಸು ಮಾಡಿದರ ಏನೂ ಆಗೂದಿಲ್ಲ" ಎಂದಳು.

"ಮಾಡತೇನಿ. ಆದರ ನೋವಾಗತೈತಿ, ಬ್ಯಾಸರಾಗಿ ಬಿಟ್ಟುಬಿಡತೇನಿ" ಎಂದೆ.

"ಹಂಗಾದರ ಬ್ಯಾಸರಾಗದಂಥಾದ್ದು ಹುಡುಕ್ರಿ. ಗುಂಡಗಿಂದು ಏನರ ಹಿಡದು ಹಿಂದ ಮುಂದ ತಿರುಗಿಸ್ರಿ. ನಲ್ಲಿ, ಡಬ್ಬಿ ಮುಚ್ಚಳ, ಏನರ ಆಗಲಿ."

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಮಾವ ಪಾಠ ಕೇಳುವವರಂತೆ ತಲೆಯಾಡಿಸುತ್ತಿದ್ದರು. ಮನೆ ಮುಟ್ಟಿದವರೇ ಸ್ಟೂಲ್ ಹಾಕಿಕೊಂಡು ಅಟ್ಟ ಹತ್ತಿ, ಧೂಳು ಹಿಡಿದ ಒಂದು ಡಬ್ಬ ಇಳಿಸಿದರು.

ಅದರಲ್ಲಿ ನನ್ನ ಗಂಡನ ರಿಮೋಟ್ ಕಾರಿತ್ತು. ಮದುವೆಯಾದ ಹೊಸದರಲ್ಲಿ ಅವರಿಗೆ ಅದರ ಹುಚ್ಚು. ಮಕ್ಕಳ ಆಟಿಕೆಯಲ್ಲ ಅದು. ಒಂದೂವರೆ ಗೇಣು ಉದ್ದದ, ಬಿಡಿಭಾಗ ಬಿಚ್ಚಿ ಜೋಡಿಸಬಹುದಾದ ಕೆಂಪು ಕಾರು, ಉಬ್ಬು ಟೈರುಗಳು. ಕೆಲವು ತಿಂಗಳು ಓಡಿಸಿ, ಆಮೇಲೆ ಏನೋ ಕೆಟ್ಟಿತೆಂದು ಅಟ್ಟಕ್ಕೆ ಏರಿಸಿದ್ದರು. ಮಾವನ ಕಣ್ಣು ಕಾರಿನ ಮೇಲಿರಲಿಲ್ಲ, ರಿಮೋಟಿನ ಮೇಲಿತ್ತು. ಅದು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ವೇಗ ಕೊಡಬೇಕು. ಬಲಗಡೆ ಸ್ಪಂಜು ಸುತ್ತಿದ ಒಂದು ಪುಟ್ಟ ಚಕ್ರವಿತ್ತು. ಅದನ್ನು ಬಲಗೈಯಲ್ಲಿ ಮುಂದಕ್ಕೆ ತಿರುಗಿಸಿದರೆ ಕಾರು ಬಲಕ್ಕೆ, ಹಿಂದಕ್ಕೆ ತಿರುಗಿಸಿದರೆ ಎಡಕ್ಕೆ.

"ಗುಂಡಗೈತಿ. ಹಿಂದ ಮುಂದ ತಿರುಗತೈತಿ. ಬ್ಯಾಸರಂತೂ ಆಗೂದಿಲ್ಲ" ಎಂದು ಮಾವ ರಿಮೋಟನ್ನು ನನ್ನ ಮುಂದೆ ಹಿಡಿದರು.

ಬ್ಯಾಟರಿ ಚಾರ್ಜಿಗೆ ಇಟ್ಟು ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಹೋದೆವು. ಕಾರು ಓಡಿತು. ಎಡಕ್ಕೆ ಚೆಂದಾಗಿ ತಿರುಗಿತು. ಬಲಕ್ಕೆ ತಿರುಗಿಸಿದರೆ ಒಂದಿಷ್ಟು ಬಾಗಿದ ಹಾಗೆ ಮಾಡಿ ನೇರ ಹೋಗಿ ನೀರಿನ ಟಾಕಿಗೆ ಬಡಿಯಿತು. ನನ್ನ ಕೈಗೂ ಅದೇ ಕಷ್ಟ, ಹಿಂದಕ್ಕೆ ಬರುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಮತ್ತೆ ಮತ್ತೆ ಬಡಿದ ಮೇಲೆ ರಿಮೋಟ್ ಕಟ್ಟೆಯ ಮೇಲಿಟ್ಟೆ.

"ಇಲ್ರಿ ಮಾವಾರ. ನನ್ನ ಕೈ ಮುಂದಕ ಬರವಲ್ಲದು."

ಮಾವ ರಿಮೋಟ್ ಎತ್ತಿಕೊಂಡು ತಮ್ಮ ಗಟ್ಟಿ ಕೈಯಿಂದ ಚಕ್ರವನ್ನು ಪೂರ್ತಿ ಮುಂದಕ್ಕೆ ತಿರುಗಿಸಿದರು. ಕಾರು ಅದೇ ರೀತಿ ಸೊಟ್ಟಗೆ ಹೋಗಿ ಟಾಕಿಗೆ ಬಡಿಯಿತು. ಇನ್ನೊಮ್ಮೆ ಮಾಡಿ ನೋಡಿದರು. ಆಗಲೂ ಹಾಗೆಯೇ.

"ಇದು ನಿನ್ನ ಕೈದಲ್ಲವಾ," ಎಂದರು, "ಗಾಡೀದು."

ಬಿದ್ದ ಮೇಲೆ ನಾನು ಮನಸಾರೆ ನಕ್ಕದ್ದು ಅದೇ ಮೊದಲು. ನಾನೊಬ್ಬಳೇ ಅಲ್ಲ, ಬಲಕ್ಕೆ ತಿರುಗದ್ದು ಮನೆಯಲ್ಲಿ ಇನ್ನೊಂದಿದೆ ಎಂದು ಏನೋ ಸಮಾಧಾನ.

ಸಂಜೆ ಗಂಡ ಬಂದು ಅಟ್ಟದ ಡಬ್ಬ ಹಾಲಿನಲ್ಲಿರುವುದನ್ನು ನೋಡಿ ನಕ್ಕರು. "ಅದರ ಸರ್ವೋ ಹೋಗೇತಿ. ಒಮ್ಮೆ ಬಿಚ್ಚಿ ಹಾಕಿದೆ, ಅವತ್ತಿಂದ ಬಲಕ್ಕ ಹೋಗವಲ್ಲದು, ಎಡಕ್ಕ ಹೋದರ ಗುಂಯ್ ಅಂತೈತಿ" ಎಂದರು. ಮುಂದಿನ ಎರಡು ಚಕ್ರಗಳನ್ನು ಆಚೀಚೆ ಎಳೆಯುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮೋಟರಿಗೆ ಸರ್ವೋ ಎನ್ನುತ್ತಾರೆ. ಅದರ ತಲೆಯ ಮೇಲೆ ಒಂದು ಸಣ್ಣ ತೋಳು. ತೋಳು ತಿರುಗಿದರೆ ಅದಕ್ಕೆ ಸಿಕ್ಕಿಸಿದ ಕಡ್ಡಿ ಚಕ್ರಗಳನ್ನು ಎಳೆಯುತ್ತದೆ.

"ಖರೇ ಕೆಟ್ಟೈತೋ, ಇಲ್ಲಾ ನೀ ಹಾಕೂದು ತಪ್ಪೀಯೋ?" ಎಂದು ಮಾವ ಕೇಳಿದರು.

"ಗೊತ್ತಿಲ್ಲಪ್ಪಾ. ಬ್ಯಾಸರಾಗಿ ಮ್ಯಾಲ ಇಟ್ಟೆ."

ಮರುದಿನ ನಾವಿಬ್ಬರೂ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಕೂತೆವು. ಮಾವ ಕನ್ನಡಕದ ಮೇಲೆ ಭೂತಗಾಜು ಹಿಡಿದು ಫೋನಿನಲ್ಲಿ ಸಿಕ್ಕ ಇಂಗ್ಲಿಷ್ ಕೈಪಿಡಿಯನ್ನು ಒಂದೊಂದೇ ಸಾಲು ಓದಿ, ಪಾಣಿಪತದ ಯುದ್ಧ ವಿವರಿಸುವ ಧಾಟಿಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದರು. ಅರ್ಧ ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದವಳು ನಾನು. ಬಲಗೈಯಲ್ಲೇ ಹಿಡಿದೆ. ಒಂದು ಸ್ಕ್ರೂ ಸಡಿಲಾಗುವಷ್ಟರಲ್ಲಿ ಹಣೆಯಲ್ಲಿ ಬೆವರು.

"ನಾ ತಗೀಲೇನವಾ?"

"ಬ್ಯಾಡ್ರಿ, ಆಗತೈತಿ. ಹೊತ್ತು ಹಿಡೀತೈತಿ ಅಷ್ಟ."

ಹೊತ್ತು ಹಿಡಿಯಿತು, ಆದರೆ ಬಿಚ್ಚಿತು. ಸರ್ವೋ ಕೆಟ್ಟಿರಲಿಲ್ಲ. ರಿಮೋಟಿನ ಚಕ್ರ ಬಿಟ್ಟಾಗ ಅದರ ತೋಳು ನೆಟ್ಟಗೆ ನಿಲ್ಲಬೇಕಿತ್ತು, ಆದರೆ ಒಂದು ಕಡೆ ವಾಲಿ ನಿಂತಿತ್ತು. ಗಂಡ ಹಿಂದೊಮ್ಮೆ ಬಿಚ್ಚಿ ಹಾಕುವಾಗ ತೋಳನ್ನು ಸರ್ವೋದ ತಲೆಯ ಹಲ್ಲುಗಳ ಮೇಲೆ ಹಲ್ಲು ತಪ್ಪಿಸಿ ಕೂರಿಸಿದ್ದರು. ಶುರುವಿನಲ್ಲೇ ಎಡಕ್ಕೆ ವಾಲಿದ ತೋಳು ಎಡಗಡೆ ಬೇಗ ಕೊನೆ ಮುಟ್ಟುತ್ತಿತ್ತು, ಬಲಗಡೆ ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲು ರಿಮೋಟ್, ಆಮೇಲೆ ಕಾರು ಚಾಲೂ ಮಾಡಿ, ರಿಮೋಟಿನ ಪುಟ್ಟ ಪರದೆಯಲ್ಲಿ ನಡುವಿನ ಅಂಕಿಯನ್ನು ಸೊನ್ನೆಗೆ ತಂದು, ತೋಳನ್ನು ಕಿತ್ತು ನೆಟ್ಟಗೆ ಕೂರಿಸಿದೆ. ಚಕ್ರಗಳು ನೇರವಾದವು. ಮಾವ ಮೇಜು ತಟ್ಟಿದರು.

ಆದರೆ ಕೆಲಸ ಮುಗಿದಿರಲಿಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದರೆ ಸರ್ವೋ ಇನ್ನೂ ಗುಂಯ್ ಎನ್ನುತ್ತಿತ್ತು. ಕೈಪಿಡಿಯಲ್ಲಿ ಅದಕ್ಕೊಂದು ಪುಟವಿತ್ತು. ಕಾರಿನ ಚಕ್ರಗಳು ಒಂದು ಮಟ್ಟದವರೆಗೆ ತಿರುಗಿ ನಿಲ್ಲುತ್ತವೆ, ಅಲ್ಲಿಂದಾಚೆ ಅವಕ್ಕೆ ಜಾಗವಿಲ್ಲ. ರಿಮೋಟಿನಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿ ಇಟ್ಟಿದ್ದರೆ ಸರ್ವೋ ಗೋಡೆ ನೂಕುವವರಂತೆ ನೂಕುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಅಂಕಿ. ಗುಂಯ್ ಸದ್ದು ನಿಲ್ಲುವವರೆಗೆ ಇಳಿಸಬೇಕು, ಚಕ್ರ ಕೊನೆ ಮುಟ್ಟದಿದ್ದರೆ ಸ್ವಲ್ಪ ಏರಿಸಬೇಕು. ಸರ್ವೋದ ಓಟವನ್ನು ಹೊಂದಿಸುವುದೆಂದರೆ ಇಷ್ಟೇ.

ಚಕ್ರಗಳು ಗಾಳಿಯಲ್ಲಿರಲೆಂದು ಕಾರನ್ನು ಅವಲಕ್ಕಿ ಡಬ್ಬಿಯ ಮೇಲಿಟ್ಟೆವು. ಮಾವ ರಿಮೋಟಿನ ಚಕ್ರವನ್ನು ಪೂರ್ತಿ ತಿರುಗಿಸಿ ಹಿಡಿದರು, ನಾನು ಅಂಕಿ ಇಳಿಸುತ್ತ ಹೋದೆ. ಸದ್ದು ಸಣ್ಣದಾಯಿತು. ನನಗೆ ಕೇಳದಾಯಿತು, ಮಾವನಿಗಂತೂ ಮೊದಲೇ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ಇನ್ನೂ ಅಳಾಕತ್ತೇತಿ ಅದು."

ಇನ್ನೊಂದಿಷ್ಟು ಇಳಿಸಿದೆ.

"ಈಗ ಸುಮ್ಮನಾತು" ಎಂದರು ಅತ್ತೆ, ಹಿಟ್ಟು ನಾದುವುದನ್ನು ಬಿಡದೆ.

ಬಲಗಡೆಗೂ ಹೀಗೆಯೇ ಮಾಡಿದೆವು. ಅಂದು ಸಂಜೆ ಮಾಳಿಗೆಯ ಮೇಲೆ ಮಾವನ ಕೈಯಲ್ಲಿ ಕಾರು ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಸುತ್ತು ಹಾಕಿತು. ಆಮೇಲೆ ರಿಮೋಟ್ ನನ್ನ ಕೈಗೆ ಬಂತು. ಎಡಕ್ಕೆ ಸುತ್ತು ಹಾಕಿದೆ. ಬಲಕ್ಕೆ ತಿರುಗಿಸಿದೆ, ಕೈ ಅರ್ಧಕ್ಕೆ ನಿಂತಿತು, ಕಾರು ತುಸುವೇ ಬಾಗಿ ಹೋಗಿ ಟಾಕಿಗೆ ಬಡಿಯಿತು.

ಈಗ ತಪ್ಪು ಗಾಡಿಯದಲ್ಲ. ಕಾರನ್ನು ಎತ್ತಿಕೊಂಡು ಇಬ್ಬರೂ ಕೆಳಗಿಳಿದೆವು.

ಎರಡು ದಿನ ನಾನು ರಿಮೋಟ್ ಮುಟ್ಟಲಿಲ್ಲ. ಮೂರನೆಯ ದಿನ ಮಾವ ತಾವೇ ಕರೆದರು. "ಇವತ್ತೊಂದು ಸಲ ನೋಡು ಬಾರವಾ" ಎಂದರು. ಮನಸ್ಸಿಲ್ಲದೆ ಹೋದೆ. ಮುಂದಕ್ಕೆ ತಿರುಗಿಸಿದೆ. ಕೈ ಅಲ್ಲಿಗೇ ನಿಂತಿತು ಅನ್ನಿಸಿತು, ಆದರೆ ಕಾರು ಬಲಕ್ಕೆ ತಿರುಗಿತು. ಚೆಂದಾಗಿ, ಪೂರ್ತಿ, ಟಾಕಿಯನ್ನು ಬಿಟ್ಟು ಸುತ್ತಿ ಬಂದು ನನ್ನ ಕಾಲ ಬುಡದಲ್ಲಿ ನಿಂತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ತಿರುಗಿತು. ನನಗೆ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಬ್ಯಾಡಗಿಗೆ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಕೈ ತಿರುಗಾಕತ್ತೇತಿ" ಎಂದೆ. ಅವ್ವ ಆ ಕಡೆ ಅಳತೊಡಗಿದಳು.

ನಾನು ಫೋನಿನಲ್ಲಿದ್ದಾಗ ಮಾವ ರಿಮೋಟ್ ಹಿಡಿದು ಆಡಿಸುತ್ತಿದ್ದರು. ಖುಷಿಯಲ್ಲಿ ಬಲಕ್ಕೆ ಪೂರ್ತಿ ತಿರುಗಿಸಿ ಹಾಗೇ ಹಿಡಿದುಬಿಟ್ಟರು. ಸರ್ವೋ ಜೋರಾಗಿ ಗುಂಯ್ ಎಂದಿತು. ಅವರಿಗೆ ಅದು ಕೇಳಲಿಲ್ಲ. ಅವ್ವನ ಮಾತಿನಲ್ಲಿದ್ದ ನನಗೂ ಮೂಗಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಡಿದ ಮೇಲೆಯೇ ತಿಳಿದದ್ದು. ಓಡಿ ಹೋಗಿ ಕಾರು ಬಂದ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸರ್ವೋ ಮುಟ್ಟಲಾರದಷ್ಟು ಬಿಸಿ.

ರಿಮೋಟಿನ ಪರದೆ ನೋಡಿದೆ. ಬಲಗಡೆಯ ಅಂಕಿ ನಾವು ಇಟ್ಟದ್ದಾಗಿರಲಿಲ್ಲ. ಏರಬಹುದಾದಷ್ಟು ಏರಿತ್ತು. ಅಷ್ಟು ಏರಿಸಿದರೆ ಕೈ ಅರ್ಧ ತಿರುಗಿದರೂ ಕಾರಿನ ಚಕ್ರ ಪೂರ್ತಿ ತಿರುಗುತ್ತದೆ. ಕೈ ಪೂರ್ತಿ ತಿರುಗಿಸುವವರು ಹಿಡಿದರೆ ಸರ್ವೋ ಸುಡುತ್ತದೆ.

"ನೀವ ಏರಿಸಿದ್ರೇನು ಮಾವಾರ?"

ಅವರು ಕಟ್ಟೆಯ ಮೇಲೆ ಕೂತರು. "ನಿನಗ ಒಂದೀಟು ಧೈರ್ಯ ಬರಲಿ ಅಂತ ಮಾಡಿದೆ" ಎಂದರು. "ಎರಡ ದಿನ ನೀ ಮಾರಿ ಸಣ್ಣದು ಮಾಡಿಕೊಂಡು ಅಡ್ಯಾಡಿದಿ. ನೋಡಾಕ ಆಗಲಿಲ್ಲ ನನಗ."

ನನಗೆ ಸಿಟ್ಟು ಬಂತು. ಸರ್ವೋ ಸುಟ್ಟಿದ್ದಕ್ಕಲ್ಲ. ಅವ್ವನಿಗೆ ಮತ್ತೆ ಫೋನ್ ಮಾಡಿ, ನಾನು ಹೇಳಿದ್ದು ಖರೆಯಲ್ಲ ಎಂದು ಹೇಳಬೇಕಲ್ಲ, ಅದಕ್ಕೆ. ಆ ಹೊತ್ತಿಗೆ ಆದ ಖುಷಿ ನನ್ನದಾಗಿರಲಿಲ್ಲ, ಯಾರೋ ತಂದು ಕೈಯಲ್ಲಿಟ್ಟದ್ದು. ಕೆಳಗೆ ಬಂದೆ. ಮಧ್ಯಾಹ್ನ ಊಟಕ್ಕೆ ಮಾವ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದರು. ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ, "ಸತ್ತದ್ದು ಮೋಟರೋ, ಮನಷ್ಯಾರೋ? ಉಣ್ರಿ ಇಬ್ಬರೂ" ಎಂದರು.

ಅವ್ವನಿಗೆ ಫೋನ್ ಮಾಡಿ ಖರೆ ಹೇಳಿದೆ. ಸಂಜೆಯ ಚಹಾ ನಾನೇ ಒಯ್ದು ಮಾವನ ಮುಂದಿಟ್ಟೆ.

"ಮಾವಾರ, ನೀವು ಮಾಡಿದ್ದು ನನ್ನ ಸಲುವಾಗೇ ಅಂತ ಗೊತ್ತೈತಿ. ಆದರ ನನ್ನ ಕೈ ಎಷ್ಟು ತಿರುಗತೈತಿ ಅನ್ನೂದು ನನಗ ಖರೇ ಗೊತ್ತಾಗಬೇಕ್ರಿ. ಕಡಿಮಿ ಇದ್ದರ ಕಡಿಮಿ ಅಂತನ ತೋರಸಲಿ."

ಅವರು ಬಟ್ಟಲು ಕೆಳಗಿಟ್ಟರು. "ಹೌದು" ಎಂದರು. "ಪಾಸ್ ಮಾರ್ಕ್ಸು ಹಂಚೂ ಮಾಸ್ತರ ನಾ ಯಾವತ್ತೂ ಆಗಿರಲಿಲ್ಲ. ನಿನ್ನ ಮುಂದ ಆದೆ."

ಹೊಸ ಸರ್ವೋ ತರಿಸಲು ಗಂಡನಿಗೆ ಹೇಳಿದೆವು. ಅದು ಕೊರಿಯರಿನಲ್ಲಿ ಬರುವಷ್ಟು ದಿನ ಕಾರು ಡಬ್ಬಿಯ ಮೇಲೆ ಸುಮ್ಮನೆ ಕೂತಿತ್ತು. ನಾನು ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದೆ, ಅತ್ತೆಯ ಉಪ್ಪಿನಕಾಯಿ ಭರಣಿಗಳ ಮುಚ್ಚಳ ತೆಗೆದು ಹಾಕಿದೆ, ಬಿಸಿನೀರಿನಲ್ಲಿ ಕೈ ಇಟ್ಟು ಒದ್ದೆ ಬಟ್ಟೆ ಹಿಂಡಿದೆ. ಬೇಸರವಾಗುತ್ತಿತ್ತು, ನೋವೂ ಆಗುತ್ತಿತ್ತು. ಆದರೆ ಮೇಜಿನ ಮೇಲೆ ಆ ಕೆಂಪು ಕಾರು ಕಂಡಾಗೆಲ್ಲ ಇನ್ನೊಂದಿಷ್ಟು ಮಾಡುತ್ತಿದ್ದೆ.

ಹೊಸ ಸರ್ವೋವನ್ನು ನಾನೇ ಕೂರಿಸಿದೆ. ತೋಳು ನೆಟ್ಟಗಿಟ್ಟೆ. ರಿಮೋಟಿನ ಚಕ್ರವನ್ನು ನಾನೇ ಎಡಗೈಯಲ್ಲಿ ಪೂರ್ತಿ ತಿರುಗಿಸಿ ಹಿಡಿದೆ. ಎಡಕ್ಕೆ ಅಂಕಿ ಇಳಿಸಿದೆವು, ಬಲಕ್ಕೆ ಇಳಿಸಿದೆವು. ಈ ಸಲ ಅತ್ತೆಯನ್ನು ಅಡುಗೆಮನೆಯಿಂದ ಕರೆದು ಕುರ್ಚಿ ಹಾಕಿ ಕೂರಿಸಿದೆವು. ಅವರು ಕಣ್ಣು ಮುಚ್ಚಿ ಕೇಳಿ, "ಸಾಕು" ಎಂದ ಮೇಲೆಯೇ ಅಂಕಿ ಬಿಟ್ಟೆವು. ಮಾವ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ರಿಮೋಟ್ ಮುಟ್ಟುವುದಿಲ್ಲ ಎಂದು ಅವರೇ ಹೇಳಿದ್ದರು.

ಮಾಳಿಗೆಯ ಮೇಲೆ ಹೋಗಿ ರಿಮೋಟ್ ಹಿಡಿದೆ. ನಿಧಾನ ಮುಂದಕ್ಕೆ ತಿರುಗಿಸಿದೆ. ಮೊದಲು ನಿಲ್ಲುತ್ತಿದ್ದ ಜಾಗಕ್ಕೆ ಬಂತು, ಅದನ್ನು ದಾಟಿ ಇನ್ನೊಂದಿಷ್ಟು ಹೋಯಿತು. ಕಾರು ಬಲಕ್ಕೆ ಬಾಗಿತು. ಮಾವ ಹಾಕುವಂಥ ಬಿಗಿಯಾದ ಸುತ್ತಲ್ಲ. ಮಾಳಿಗೆಯ ಅರ್ಧವನ್ನೇ ಬಳಸುವ ದೊಡ್ಡ, ಸೋಮಾರಿ ಸುತ್ತು. ಆದರೆ ಸುತ್ತು ಪೂರ್ತಿಯಾಯಿತು. ಟಾಕಿಗೆ ಬಡಿಯಲಿಲ್ಲ.

ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಸುತ್ತಿನ ಗುಂಟ ಗೆರೆ ಎಳೆದರು. "ಇದು ನಿಂದ" ಎಂದರು.

ಅಂದು ಅವ್ವನಿಗೆ ಫೋನ್ ಮಾಡಲಿಲ್ಲ. ಆಮೇಲಿನ ವಾರಗಳಲ್ಲಿ ಆ ಗೆರೆಯ ಒಳಗೆ ಇನ್ನೊಂದು ಗೆರೆ, ಅದರ ಒಳಗೆ ಮತ್ತೊಂದು ಬಂದವು. ಒಳಗೆ ಬಾರದ ದಿನಗಳೂ ಇದ್ದವು. ಚಳಿ ಜೋರಾದ ಒಂದು ವಾರ ಗೆರೆ ಮತ್ತೆ ಹೊರಗೆ ಹೋಯಿತು. ಮಾವ ಅದನ್ನೂ ಎಳೆದರು, ಅಳಿಸಲಿಲ್ಲ. ಹಾವೇರಿಯ ಹುಡುಗಿ ನನ್ನ ಕೈ ಹಿಡಿದು ಬಾಗಿಸಿ, "ಏನ್ ಮಾಡಿದ್ರಿ ಮೇಡಂ ಮನ್ಯಾಗ?" ಎಂದು ಕೇಳಿದಳು. "ಕಾರು ಹೊಡೆದೆ" ಎಂದೆ. "ಈ ಕೈಯಾಗ ಸ್ಟೀರಿಂಗ್ ಹಿಡದ್ರೇನು?" ಎಂದು ಗಾಬರಿಯಾದಳು. ಮಾವ ಎದ್ದು ನಿಂತು ಎಲ್ಲ ವಿವರಿಸಿದರು. ಹೊರಗೆ ಸಾಲಿನಲ್ಲಿ ಕೂತವರೂ ಕೇಳುತ್ತಿದ್ದರು.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ತವರಿಗೆ ಹೋದೆ. ಮಾವನೂ ಬಂದರು. ಕಾರಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು. ನಮ್ಮ ತವರುಮನೆಯ ಹಿಂದೆ ಒಂದು ದೊಡ್ಡ ಬಯಲಿದೆ, ಆ ದಿನಗಳಲ್ಲಿ ಅಲ್ಲಿ ನೆಲ ಕಾಣುವುದಿಲ್ಲ. ಕೆಂಪು ಮೆಣಸಿನಕಾಯಿ ಹರವಿ, ನಡುನಡುವೆ ಓಡಾಡಲು ಕಿರಿದಾದ ದಾರಿ ಬಿಟ್ಟಿರುತ್ತಾರೆ. ಹೊಸಬರು ಉಸಿರೆಳೆದರೆ ಸೀನು. ನಾವು ಅದೇ ಗಾಳಿಯಲ್ಲಿ ಬೆಳೆದವರು.

ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡತೊಡಗಿದರು. ಕಾರನ್ನು ಆ ದಾರಿಯಲ್ಲಿ ಬಿಟ್ಟೆ. ನೇರ ಹೋಗಿ, ಮೊದಲ ತಿರುವಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ. ಬಲದ ತಿರುವು ಬಂದಾಗ ಮಣಿಕಟ್ಟಿನಲ್ಲಿ ಒಂದು ಚಳುಕು ಬಂತು, ಬಿಡಲಿಲ್ಲ. ಕಾರು ಒಂದು ಕಾಯಿಯನ್ನೂ ಮುಟ್ಟದೆ ತಿರುಗಿ ಆ ಕಡೆಯ ದಾರಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು:

"ಈ ಸಲ ಖರೇನೋ?"

"ಖರೇನ ಅವ್ವಾ. ಇನ್ನೂ ಪೂರ್ತಿ ಬಂದಿಲ್ಲ. ಬಂದಷ್ಟು ಖರೇ."

ಅವ್ವ ಬಂದು ನನ್ನ ಮಣಿಕಟ್ಟು ಹಿಡಿದು ನೋಡಿದಳು, ಸೆರಗಿನಿಂದ ಒರೆಸಿದಳು. ತೊಟ್ಟು ಬಿಡಿಸುವವರಲ್ಲಿ ಒಬ್ಬಾಕೆ, "ನಮಗೂ ಒಂದು ಸಲ ಕೊಡ್ರಿ ಅಕ್ಕಾರ" ಎಂದಳು. ಅವಳು ಹೊಡೆದು, ಇನ್ನೊಬ್ಬಳು ಹೊಡೆದು, ಕೊನೆಗೆ ತಡೆಯಲಾಗದೆ ಮಾವನೂ ರಿಮೋಟ್ ಇಸಿದುಕೊಂಡರು. ಕಾರು ರಾಶಿಯ ನಟ್ಟನಡುವೆ ನುಗ್ಗಿತು. ಅದನ್ನು ಎತ್ತಲು ಹೋದ ಮಾವ ಸೀನುತ್ತ ಕಣ್ಣೊರೆಸಿಕೊಳ್ಳುತ್ತ ಹಿಂದೆ ಬಂದರು. ಬಯಲಿನ ತುಂಬ ನಗು.

ಯುಗಾದಿಗೆ ಮುಂಚೆ ನಾನು ಕೆಲಸಕ್ಕೆ ಮರಳಿದೆ. ಮೊದಲ ದಿನ ಬದನೆ ಬೀಜ ಕೊಟ್ಟರು, ಸ್ವಲ್ಪ ದೊಡ್ಡದಿರುತ್ತದೆ ಎಂದು. ನಿಧಾನ ಇಟ್ಟೆ. ಪಕ್ಕದ ಮೇಜಿನವಳು ನಾಲ್ಕು ಸಾಲು ಮುಗಿಸುವಾಗ ನನ್ನದು ಒಂದೂವರೆ. ಆದರೆ ಸಾಲು ನೆಟ್ಟಗಿತ್ತು. ಸಂಜೆಗೆ ಕೈ ಊದಿತು, ಬೆಳಿಗ್ಗೆ ಇಳಿಯಿತು. ಈಗಲೂ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಇನ್ನೆಷ್ಟು ಬರುತ್ತದೋ ಹೇಳಲಾಗದು ಎಂದು ಹಾವೇರಿಯ ಹುಡುಗಿ ಹೇಳಿದ್ದಾಳೆ. ಟೊಮೆಟೊ ಬೀಜ ಇಡಲು ಇದು ಸಾಕು.

ಮೊನ್ನೆ ಭಾನುವಾರ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ ಕಾಯುತ್ತಿದ್ದ ಅತ್ತೆ, ನಮ್ಮಿಬ್ಬರ ಆಟ ಬಹಳ ಹೊತ್ತು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಬಂದರು.

"ಎಲ್ಲಿ, ಕೊಡ್ರಿಲ್ಲಿ" ಎಂದರು. "ಅದರ ಅಳೂದು ಕೇಳಾಕ ನಾ ಬೇಕು, ಓಡಸಾಕ ನೀವೇನು?"

ಮಾವ ಹೇಗೆ ಹಿಡಿಯಬೇಕೆಂದು ಹೇಳಲು ಬಾಯಿ ತೆರೆದರು. ಅತ್ತೆ ಅಷ್ಟರಲ್ಲೇ ಕಾರನ್ನು ಹಪ್ಪಳದ ಸೀರೆಯ ಅಂಚಿಗೆ ಒಯ್ದು, ಬಲಕ್ಕೆ ತಿರುಗಿಸಿ, ಒಂದು ಹಪ್ಪಳವೂ ಮುರಿಯದಂತೆ ಸುತ್ತಿಸುತ್ತಿದ್ದರು.